ಕುತ್ತಿಗೆ-ಭುಜ ನೋವಿಗೆ ಶೋಲ್ಡರ್ ಬ್ಲೇಡ್ ಎಕ್ಸರ್‌ಸೈಜ್: ಕೂತು ಕೆಲಸ ಮಾಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡೋರ ಕುತ್ತಿಗೆ, ಭುಜ ನೋಡೋ ಫಿಸಿಯೋಥೆರಪಿಸ್ಟ್ ನಾನು. ಮಾತಾಡುವಾಗ, ಮೆಸೇಜಲ್ಲಿ ಜನ ಪದೇ ಪದೇ ಕೇಳೋದನ್ನ ಅವರು ಕೇಳಿದ ಹಾಗೇ ಇಲ್ಲಿ ಬರ್ದಿದೀನಿ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದ್ಕೊಳ್ಳಿ, ಆದ್ರೆ ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು ಅನ್ನೋ ಪ್ರಶ್ನೆಯನ್ನ ಮಾತ್ರ ದಯವಿಟ್ಟು ಎಲ್ಲರೂ ಓದಿ.

## ಮೊದಲು ಬೇಸಿಕ್

ನೋವಿರೋದು ಕುತ್ತಿಗೆಲಿ, ನೀವ್ಯಾಕೆ ಬೆನ್ನಿನ ಮೇಲಿರೋ ಮೂಳೆಗೆ ಎಕ್ಸರ್‌ಸೈಜ್ ಹೇಳ್ತೀರಾ?

ಯಾಕಂದ್ರೆ ಆ ಮೂಳೆಯನ್ನ ಮೇಲೆ ಹಿಡ್ಕೊಂಡಿರೋದೇ ಕುತ್ತಿಗೆ. ಶೋಲ್ಡರ್ ಬ್ಲೇಡ್ ಅಂದ್ರೆ ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಕಡೆ ಇರೋ ಚಪ್ಪಟೆ ತ್ರಿಕೋನದ ಮೂಳೆ. ಮೈಯ ಕಡೆಗೆ ಅದು ಮೂಳೆಗೆ ಮೂಳೆ ಸೇರಿರೋದು ಕಾಲರ್ ಬೋನ್ ತುದೀಲಿ ಒಂದೇ ಕಡೆ, ಉಳಿದಿದ್ದೆಲ್ಲ ಸ್ನಾಯುಗಳ ಹಿಡಿತ, ಒಟ್ಟು 17 ಸ್ನಾಯು ಅದಕ್ಕೆ ಅಂಟ್ಕೊಂಡಿವೆ. ಅದರಲ್ಲಿ ಟ್ರೆಪೀಜಿಯಸ್ ತಲೆಬುರುಡೆ ಹಿಂಭಾಗದಿಂದ ಶುರುವಾಗಿ ನಡುಬೆನ್ನಿನ ತನಕ ಹರಡಿದೆ, ಲೆವೇಟರ್ ಸ್ಕ್ಯಾಪ್ಯುಲೆ ಅನ್ನೋದು ಕುತ್ತಿಗೆಯ ಮೇಲಿನ 4 ಮೂಳೆಗಳಿಂದ ಇಳಿದು ಬ್ಲೇಡ್‌ನ ಒಳಗಿನ ಮೇಲ್ಮೂಲೆಗೆ ಬಂದು ಸೇರುತ್ತೆ. ನೋವಾದಾಗ ನೀವು ಕೈ ಹಿಂದಕ್ಕೆ ಹಾಕಿ ಒತ್ಕೊಳ್ಳೋ ಜಾಗ ಇದ್ಯಲ್ಲ, ಬಹಳ ಸಲ ಅದೇ ಮೂಲೆ. ಕೈಯ ಭಾರ ಬ್ಲೇಡ್ ಮೇಲೆ ಬೀಳುತ್ತೆ, ಬ್ಲೇಡಿನ ಭಾರ ಈ ಸ್ನಾಯುಗಳ ಮೇಲೆ, ಇವು ಎಳೆಯೋದು ಕುತ್ತಿಗೆಯನ್ನ. ಪಕ್ಕೆಲುಬಿನ ಮೇಲಿರೋ ಸೆರೇಟಸ್ ಆಂಟೀರಿಯರ್, ಟ್ರೆಪೀಜಿಯಸ್‌ನ ಕೆಳಗಿನ ಭಾಗ ಇವೆಲ್ಲ ತಮ್ಮ ಪಾಲಿನ ಕೆಲಸ ಮಾಡ್ಲಿಲ್ಲ ಅಂದ್ರೆ ಮೇಲಿನವೇ ದಿನವಿಡೀ ದುಡೀಬೇಕು.

ನಾನು ಭಾರ ಏನೂ ಎತ್ತಲ್ಲ, ಬರೀ ಕೂತಿರ್ತೀನಿ, ಆದ್ರೂ ಯಾಕಿಷ್ಟು ನೋವು?

ಮೌಸ್ ಹಿಡ್ಕೊಂಡು ಕೈ ಮುಂದೆ ಚಾಚಿ ಕೂತಾಗ ಟ್ರೆಪೀಜಿಯಸ್ ಸ್ವಲ್ಪವೇ ಸ್ವಲ್ಪ ಬಿಗಿ ಆಗಿರುತ್ತೆ, ನಿಮಗೆ ಗೊತ್ತೇ ಆಗಲ್ಲ, ಆದ್ರೆ ಆ ಸ್ವಲ್ಪ ಬಿಗಿ ಗಂಟೆಗಟ್ಟಲೆ ಬಿಡೋದೇ ಇಲ್ಲ. ಭಾರ ಎತ್ತೋರಿಗೆ ಎತ್ತಿ ಇಳಿಸೋ ಮಧ್ಯ ಸ್ನಾಯುಗೆ ರೆಸ್ಟ್ ಸಿಗುತ್ತೆ, ಕೂತೋರಿಗೆ ಅದೂ ಇಲ್ಲ. ಅದರ ಮೇಲೆ ಡೆಡ್‌ಲೈನ್ ಟೆನ್ಷನ್ ಇದ್ರೆ ಭುಜ ತಾನಾಗೇ ಕಿವಿ ಕಡೆ ಏರುತ್ತೆ, ನಿದ್ದೆ ಕೆಟ್ಟಿದ್ರೆ ಅದೇ ನೋವು ಇನ್ನೂ ಜಾಸ್ತಿ ಅನ್ಸುತ್ತೆ.

ನಾನು ಗೂನು ಹಾಕ್ಕೊಂಡು ಕೂರ್ತೀನಿ, ಅದಕ್ಕೇ ಅಲ್ವಾ ನೋವು? ನೆಟ್ಟಗೆ ಕೂತ್ರೆ ಸರಿ ಹೋಗುತ್ತಾ?

ಗೂನು ಹಾಕ್ಕೊಂಡು ಕೂತು ಒಂದು ದಿನವೂ ನೋವಿಲ್ದೋರು ಎಷ್ಟೋ ಜನ ಇದಾರೆ, ಕೋಲು ನುಂಗಿದ ಹಾಗೆ ನೆಟ್ಟಗೆ ಕೂತು ನೋವು ತಿನ್ನೋರೂ ಇದಾರೆ. ತಲೆ ಸುಮಾರು 4.5ರಿಂದ 5 ಕೆಜಿ ತೂಗುತ್ತೆ, ಅದು ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳಿಗೆ ಕೆಲಸ ಜಾಸ್ತಿ ಅನ್ನೋದು ನಿಜ. ಆದ್ರೆ ಯಾವ ಭಂಗಿ ಆದ್ರೂ ಎರಡು ಗಂಟೆ ಕದಲದೆ ಕೂತ್ರೆ ನೋವು ಬರೋದೇ. ಅದಕ್ಕೇ ಒಳ್ಳೆ ಭಂಗಿ ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ಈಗ ಇರೋದನ್ನ ಬಿಟ್ಟು ಇನ್ನೊಂದು ಅಂತೀನಿ. ಅರ್ಧ ಗಂಟೆಗೊಮ್ಮೆ ಎದ್ದೇಳಿ, ಕೈ ಮೇಲೆತ್ತಿ, ಒರಗಿ ಕೂರಿ, ಸ್ವಲ್ಪ ಹೊತ್ತು ಬೇಕಾದ್ರೆ ಗೂನೂ ಹಾಕಿ, ಒಂದೇ ಥರ ಇರ್ಬೇಡಿ ಅಷ್ಟೇ.

ಇದು ಸ್ಪಾಂಡಿಲೈಟಿಸ್ಸಾ? ಎಂಆರ್‌ಐ ಮಾಡಿಸ್ಬೇಕಾ?

ಕೈಗೆ ಜೋಮು, ಶಕ್ತಿ ಕಮ್ಮಿ ಆಗೋದು ಇಂಥವೇನೂ ಇಲ್ಲದ ಬರೀ ಕುತ್ತಿಗೆ-ಭುಜ ನೋವಿಗೆ ಶುರುವಲ್ಲೇ ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗಲ್ಲ. 2015ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ ಕುತ್ತಿಗೆ ತೊಂದರೆ ಇಲ್ಲದ 1,211 ಜನರ ಎಂಆರ್‌ಐ ತೆಗೆದ್ರು, ಅದರಲ್ಲಿ 87.6% ಜನರಿಗೆ ಡಿಸ್ಕ್, ಅಂದ್ರೆ ಕುತ್ತಿಗೆ ಮೂಳೆಗಳ ಮಧ್ಯ ಇರೋ ಮೆತ್ತೆ, ಉಬ್ಬಿತ್ತು. ಅಂದ್ರೆ ನೋವೇ ಇಲ್ದೋರಲ್ಲೂ ರಿಪೋರ್ಟ್ ಹೀಗೇ ಬರುತ್ತೆ. ರಿಪೋರ್ಟಲ್ಲಿ ಡಿಸ್ಕ್ ಸವೆದಿದೆ ಅಂತ ಓದಿ ಹೆದರಿ ಕುತ್ತಿಗೆ ಅಲ್ಲಾಡಿಸೋದನ್ನೇ ಬಿಟ್ಟೋರನ್ನ ನೋಡಿದೀನಿ, ಆ ಹೆದರಿಕೆಯಿಂದ ಬಿಗಿ ಇನ್ನೂ ಹೆಚ್ಚಾಗಿರುತ್ತೆ, ಅದನ್ನ ಬಿಡಿಸೋದೇ ದೊಡ್ಡ ಕೆಲಸ ಆಗುತ್ತೆ.

ಎಕ್ಸರ್‌ಸೈಜ್ ಬಿಟ್ಟು ಮೊದಲು ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು?

ಎದೆ ಬಿಗಿತ, ಬೆವರು, ಉಸಿರು ಕಟ್ಟೋದು ಇದರ ಜೊತೆ ಭುಜ, ಕೈ ಅಥವಾ ದವಡೆ ನೋಯ್ತಿದ್ರೆ ಒಂದು ನಿಮಿಷವೂ ಕಾಯ್ಬೇಡಿ, ಎಮರ್ಜೆನ್ಸಿಗೆ ಹೋಗಿ, ಅದು ಹಾರ್ಟ್ ಇರ್ಬಹುದು. ಜ್ವರದ ಜೊತೆ ಕುತ್ತಿಗೆ ಬಗ್ಗಿಸೋಕೇ ಆಗದಷ್ಟು ಸೆಟೆದುಕೊಂಡ್ರೂ, ಹಿಂದೆಂದೂ ಬಾರದಂಥ ತಲೆನೋವು ಇದ್ದಕ್ಕಿದ್ದಂತೆ ಬಂದ್ರೂ ಅಷ್ಟೇ ಅರ್ಜೆಂಟ್. ಕೈಯಿಂದ ವಸ್ತು ಜಾರಿ ಬೀಳೋದು, ಗುಂಡಿ ಹಾಕೋಕೆ ಕಷ್ಟ ಆಗೋದು, ನಡೀವಾಗ ಕಾಲು ತಡವರಿಸೋದು, ಮೂತ್ರ-ಮಲದ ಹಿಡಿತ ತಪ್ಪೋದು, ಇವು ಬೆನ್ನುಹುರಿ ಒತ್ತಿದ ಲಕ್ಷಣ ಇರ್ಬಹುದು, ಅವತ್ತೇ ತೋರಿಸಿ. ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಕಾರಣ ಇಲ್ದೆ ತೂಕ ಇಳೀತಿರೋದು, ಮಲಗಿದ್ರೂ ಕಮ್ಮಿ ಆಗದೆ ರಾತ್ರಿ ಏರೋ ನೋವು ಇವನ್ನೂ ಬೇಗ ತೋರಿಸ್ಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಪಿತ್ತಕೋಶದ ಕಲ್ಲಿನ ನೋವು ಬಲಗಡೆ ಶೋಲ್ಡರ್ ಬ್ಲೇಡ್ ಹತ್ರ ಕಾಣಿಸ್ಕೊಳ್ಬಹುದು, ಊಟ ಆದ್ಮೇಲೆ ಬರೋ ನೋವಾದ್ರೆ ಡಾಕ್ಟರಿಗೆ ಅದನ್ನ ಹೇಳಿ.

## ಶುರು ಮಾಡೋರಿಗೆ

ಏನೂ ಗೊತ್ತಿಲ್ದೋನು ನಾನು, ಯಾವುದರಿಂದ ಶುರು ಮಾಡ್ಲಿ?

ನಾಲ್ಕು ಸಾಕು, ಇಪ್ಪತ್ತು ವೀಡಿಯೋ ಸೇವ್ ಮಾಡ್ಕೊಳ್ಳೋದು ಬೇಡ.

ಮೊದಲನೇದು ಬರೀ ಓಡಾಟ. ಕೈ ಇಳಿಬಿಟ್ಟು ಎರಡೂ ಭುಜ ನಿಧಾನವಾಗಿ ಕಿವಿ ತನಕ ಎತ್ತಿ, ಹಿಂದಕ್ಕೆ ಒಯ್ದು, ಕೆಳಗಿಳಿಸಿ, ಮುಂದಕ್ಕೆ ತನ್ನಿ. ದೊಡ್ಡ ಸುತ್ತು, ಅವಸರ ಇಲ್ದೆ, 10 ಸಲ. ಬ್ಲೇಡ್ ಎಲ್ಲಿದೆ, ಹೇಗೆ ಓಡಾಡುತ್ತೆ ಅಂತ ನಿಮಗೇ ಗೊತ್ತಾಗ್ಲಿ ಅಂತ ಇದು.

ಎರಡನೇದು ವಾಲ್ ಸ್ಲೈಡ್. ಗೋಡೆಗೆ ಮುಖ ಮಾಡಿ ನಿಂತು, ಎರಡೂ ಮುಂಗೈ ಗೋಡೆಗೆ ಒತ್ತಿಟ್ಟು, ಕಿರುಬೆರಳಿನ ಕಡೆ ಗೋಡೆಗೆ ತಾಗಿರ್ಬೇಕು, ಹಾಗೇ ಮೇಲಕ್ಕೆ ಜಾರಿಸ್ತಾ ಹೋಗಿ. ಕೈ ಮೇಲೆ ಹೋದಂಗೆ ಬ್ಲೇಡೂ ಮೇಲಕ್ಕೆ, ಪಕ್ಕಕ್ಕೆ ತಿರುಗ್ಲಿ, ತಡೀಬೇಡಿ. ಸೊಂಟ ಮುಂದಕ್ಕೆ ದೂಡಿ ಬೆನ್ನು ಬಗ್ಗಿಸಿದ್ರೆ ಮೋಸ ಆದಂಗೆ.

ಮೂರನೇದು ವಾಲ್ ಪುಶ್-ಅಪ್ ಪ್ಲಸ್. ಗೋಡೆಗೆ ಅಂಗೈ ಇಟ್ಟು ಪುಶ್-ಅಪ್ ಮಾಡಿ, ಮೊಣಕೈ ನೆಟ್ಟಗಾದ ಮೇಲೂ ನಿಲ್ಲಿಸ್ದೆ ಇನ್ನೊಂದಿಷ್ಟು ತಳ್ಳಿ, ಬ್ಲೇಡ್ ಎರಡೂ ಒಂದಕ್ಕೊಂದು ದೂರ ಸರಿದು ಬೆನ್ನಿನ ಮೇಲ್ಭಾಗ ಸ್ವಲ್ಪ ಉಬ್ಬುತ್ತೆ, ಆ ಕೊನೇ ತಳ್ಳೇ ಸೆರೇಟಸ್‌ಗೆ ಬೇಕಾಗಿರೋದು. ಇದನ್ನ ಎಲ್ರೂ ಅರ್ಧಕ್ಕೇ ಬಿಡ್ತಾರೆ.

ನಾಲ್ಕನೇದು ಬ್ಯಾಂಡ್ ರೋ. ರೆಸಿಸ್ಟೆನ್ಸ್ ಬ್ಯಾಂಡನ್ನ (ಎಳೆದ್ರೆ ಹಿಗ್ಗೋ ರಬ್ಬರ್ ಪಟ್ಟಿ) ಎದೆ ಮಟ್ಟದಲ್ಲಿ ಗಟ್ಟಿಯಾದ ಯಾವುದಕ್ಕಾದ್ರೂ ಕಟ್ಟಿ, ಮೊಣಕೈ ಮೈ ಪಕ್ಕದಲ್ಲೇ ಹಿಂದಕ್ಕೆ ಎಳೀರಿ, ವಾಪಸ್ ಬಿಡುವಾಗ ಬ್ಲೇಡ್ ಪೂರ್ತಿ ಮುಂದಕ್ಕೆ ಹೋಗೋ ತನಕ ಬಿಡಿ. ಎಳೆಯೋದು ಎರಡು ಸೆಕೆಂಡ್, ಬಿಡೋದು ಮೂರು ಸೆಕೆಂಡ್. ಉಸಿರು ಹಿಡೀಬೇಡಿ, ಬಿಪಿ ಇರೋರು ಇದನ್ನ ಇನ್ನೂ ನೆನಪಿಟ್ಕೊಳ್ಳಿ.

ದಿನಕ್ಕೆ ಎಷ್ಟು ಹೊತ್ತು ಮಾಡ್ಬೇಕು? ನನಗೆ ಟೈಮೇ ಇಲ್ಲ

2011ರಲ್ಲಿ ಡೆನ್ಮಾರ್ಕಿನ ಒಂದು ಟ್ರಯಲ್ ಪ್ರಕಟ ಆಯ್ತು, ಪದೇ ಪದೇ ಕುತ್ತಿಗೆ-ಭುಜ ನೋಯೋ 198 ಆಫೀಸ್ ಕೆಲಸಗಾರರ ಮೇಲೆ ಮಾಡಿದ್ದು. ಒಂದು ಗುಂಪು ದಿನಕ್ಕೆ 2 ನಿಮಿಷ, ಇನ್ನೊಂದು ಗುಂಪು 12 ನಿಮಿಷ, ವಾರಕ್ಕೆ 5 ದಿನ, 10 ವಾರ ಎಲಾಸ್ಟಿಕ್ ಬ್ಯಾಂಡ್ ಮೆಟ್ಟಿ ನಿಂತು ಕೈಗಳನ್ನ ಪಕ್ಕಕ್ಕೆ, ಸ್ವಲ್ಪ ಮುಂದಾಗಿ, ಭುಜದ ಮಟ್ಟಕ್ಕೆ ಎತ್ತೋದು ಮಾಡ್ತು. ಮೂರನೇ ಗುಂಪಿಗೆ ಆರೋಗ್ಯದ ಮಾಹಿತಿ ಮಾತ್ರ ಕಳಿಸಿದ್ರು. ಎಕ್ಸರ್‌ಸೈಜ್ ಮಾಡಿದ ಎರಡೂ ಗುಂಪಲ್ಲಿ ನೋವು ಮೂರನೇ ಗುಂಪಿಗಿಂತ ಚೆನ್ನಾಗಿ ಇಳೀತು, 2 ನಿಮಿಷದವರದ್ದೂ. ಆದ್ರಿಂದ ಟೈಮಿಲ್ಲ ಅನ್ನೋರು ಅದೊಂದನ್ನೇ ಸುಸ್ತಾಗೋ ತನಕ ಎರಡು ನಿಮಿಷ ಮಾಡಿ. ಟೈಮಿರೋರು ಮೇಲೆ ಹೇಳಿದ ನಾಲ್ಕರಲ್ಲಿ ಕೊನೇ ಮೂರನ್ನ 10ರಿಂದ 15ರಂತೆ ಎರಡು-ಮೂರು ಸೆಟ್, ವಾರಕ್ಕೆ ಮೂರು ದಿನ. ಒಂದು ಸೆಟ್ಟಲ್ಲಿ ಕೊನೇ ಎರಡು-ಮೂರು ರೆಪ್ (ಒಂದು ಸಲ ಮಾಡಿದ್ರೆ ಒಂದು ರೆಪ್) ಕಷ್ಟ ಅನ್ಸ್ಬೇಕು, ಅನ್ಸ್ಲಿಲ್ಲ ಅಂದ್ರೆ ಬ್ಯಾಂಡ್ ತೆಳು ಆಯ್ತು ಅಂತ ಅರ್ಥ.

ಭುಜ ಹಿಂದಕ್ಕೆ ಎಳೆದು ಕೆಳಗೆ ಒತ್ತಿ ಹಿಡೀರಿ ಅಂತ ಎಲ್ರೂ ಹೇಳ್ತಾರೆ, ನಾನು ಹಾಗೆ ಮಾಡಿದ್ರೆ ಸಂಜೆಗೆ ನೋವು ಇನ್ನೂ ಜಾಸ್ತಿ, ಯಾಕೆ?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡ್ತೀನಿ, ಯಾಕಂದ್ರೆ ಬಹಳ ಜನ ಇದರಿಂದಲೇ ಎಕ್ಸರ್‌ಸೈಜ್ ನಂಗೆ ಆಗ್ಬರಲ್ಲ ಅಂತ ಕೈ ಬಿಡ್ತಾರೆ.

ಬ್ಲೇಡ್ ಇರೋದು ಓಡಾಡೋಕೆ. ಕೈ ಪೂರ್ತಿ ಮೇಲೆತ್ತಿದಾಗ ಆಗೋ ಸುಮಾರು 180 ಡಿಗ್ರಿ ಚಲನೆಯಲ್ಲಿ 120ರಷ್ಟು ಭುಜದ ಕೀಲಿಂದ, 60ರಷ್ಟು ಬ್ಲೇಡ್ ತಿರುಗೋದರಿಂದ ಬರುತ್ತೆ. ಅದನ್ನ ಹಿಂದಕ್ಕೆ ಕೆಳಕ್ಕೆ ಕಚ್ಚಿ ಹಿಡಿದ್ರೆ ಆ 60 ಡಿಗ್ರಿಗೆ ದಾರಿ ಇಲ್ಲ. ಅಷ್ಟೇ ಅಲ್ಲ, ಮೊದಲೇ ಭುಜ ಇಳಿಬಿದ್ದಿರೋರು ಇರ್ತಾರೆ, ಕನ್ನಡೀಲಿ ನೋಡಿದ್ರೆ ಕಾಲರ್ ಬೋನ್ ಹೊರಗಿನ ತುದಿ ಮೇಲಕ್ಕೆ ಹೋಗದೆ ಮಟ್ಟಸವಾಗಿ ಅಥವಾ ಕೆಳಮುಖವಾಗಿ ಇರುತ್ತೆ, ಅಂಥವರ ಮೇಲಿನ ಟ್ರೆಪೀಜಿಯಸ್, ಲೆವೇಟರ್ ಎರಡೂ ಎಳೆದ ಸ್ಥಿತೀಲೇ ಇರ್ತವೆ, ಅದಕ್ಕೇ ಮುಟ್ಟಿದ್ರೆ ಬಿಗಿ ಅನ್ಸುತ್ತೆ, ಬಿಗಿ ಅಂತ ಅವರು ಮತ್ತೆ ಸ್ಟ್ರೆಚ್ ಮಾಡ್ತಾರೆ, ಭುಜ ಮತ್ತೆ ಕೆಳಗೆ ಒತ್ತಾರೆ, ಎಳೆದಿದ್ದನ್ನೇ ಇನ್ನಷ್ಟು ಎಳೆದಂಗಾಗುತ್ತೆ.

ಒಂದು ಸಣ್ಣ ಪರೀಕ್ಷೆ ಮಾಡಿ. ತಲೆಯನ್ನ ಎಡ-ಬಲ ತಿರುಗಿಸಿ ಎಷ್ಟು ಹೋಗುತ್ತೆ, ಎಲ್ಲಿ ಹಿಡಿಯುತ್ತೆ ನೋಡ್ಕೊಳ್ಳಿ. ಆಮೇಲೆ ಯಾರಾದ್ರೂ ನಿಮ್ಮ ಎರಡೂ ಮೊಣಕೈ ಕೆಳಗೆ ಕೈಯಿಟ್ಟು ತೋಳಿನ ಭಾರ ಮೇಲಕ್ಕೆ ಎತ್ತಿ ಹಿಡೀಲಿ, ಅಥವಾ ನೀವೇ ಎತ್ತರದ ಕುರ್ಚಿ ಕೈಗಳ ಮೇಲೆ ಮೊಣಕೈ ಇಡಿ, ಭುಜ ಸ್ವಲ್ಪ ಮೇಲೆ ಬರ್ಲಿ, ಈಗ ತಿರುಗಿಸಿ. ಸಲೀಸಾಗಿ ತಿರುಗಿದ್ರೆ ನಿಮ್ಮ ಕುತ್ತಿಗೆ ಕೇಳ್ತಿರೋದು ಮೇಲಕ್ಕೆ ಆಸರೆ. ನಿಮಗೆ ಶ್ರಗ್ಸ್ ಬೇಕು, ಅದೂ ಕೈಗಳನ್ನ ತಲೆ ಮೇಲೆ ಗೋಡೆಗೆ ಇಟ್ಕೊಂಡು ಭುಜವನ್ನ ಕಿವಿ ಕಡೆ ಎತ್ತೋ ಥರದ್ದು. ಮೇಲಿನ ಟ್ರೆಪೀಜಿಯಸ್‌ಗೆ ವ್ಯಾಯಾಮ ಕೊಟ್ರೆ ನೋವು ಜಾಸ್ತಿ ಆಗುತ್ತೆ ಅನ್ನೋ ಭಯ ಬೇಡ. ಮೇಲೆ ಹೇಳಿದ ಡೆನ್ಮಾರ್ಕಿನ ಟ್ರಯಲಲ್ಲಿ ಮಾಡಿಸಿದ್ದ ಕೈ ಎತ್ತೋ ಎಕ್ಸರ್‌ಸೈಜೂ ಆ ಸ್ನಾಯುಗೆ ಸರಿಯಾಗೇ ಕೆಲಸ ಕೊಡೋದು.

ಮಾಡುವಾಗ ನೋವಾದ್ರೆ ನಿಲ್ಲಿಸ್ಬೇಕಾ?

ನೋವನ್ನ 0ಯಿಂದ 10ರಲ್ಲಿ ಅಳೀರಿ. 3-4ರ ಒಳಗಿದ್ದು, ಮಾರನೇ ದಿನ ಅಷ್ಟೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದ್ರೆ ಮುಂದುವರಿಸ್ಬಹುದು. ಅದಕ್ಕಿಂತ ಏರಿದ್ರೆ ಬ್ಯಾಂಡ್ ಹಗುರ ಮಾಡಿ, ರೆಪ್ ಕಮ್ಮಿ ಮಾಡಿ, ಬಿಟ್ಟುಬಿಡೋದು ಕೊನೇ ಮಾತು. ಹೊಸದಾಗಿ ಶುರು ಮಾಡಿದಾಗ ಒಂದೆರಡು ದಿನ ಮೈಕೈ ನೋವು ಸಹಜ. ಕೈ ಉದ್ದಕ್ಕೂ ಕರೆಂಟ್ ಹೊಡೆದಂಗೆ ಚುಚ್ಚಿದ್ರೆ, ಜೋಮು ಬೆರಳಿನ ತನಕ ಇಳಿದ್ರೆ ಮಾತ್ರ ಆ ಎಕ್ಸರ್‌ಸೈಜ್ ನಿಲ್ಲಿಸಿ.

ಬ್ಲೇಡ್ ತಿರುಗಿಸಿದ್ರೆ ಲಟಲಟ ಅಂತ ಸೌಂಡ್ ಬರುತ್ತೆ, ಮೂಳೆ ಸವೀತಿದ್ಯಾ?

ನೋವಿಲ್ಲದ ಸೌಂಡಿಗೆ ತಲೆ ಕೆಡಿಸ್ಕೊಳ್ಬೇಡಿ, ಪಕ್ಕೆಲುಬಿನ ಮೇಲೆ ಬ್ಲೇಡ್ ಜಾರುವಾಗ ಮಧ್ಯದ ಸ್ನಾಯು ಮಡಿಕೆಗಳಿಂದ ಬರೋದು ಸಾಮಾನ್ಯ. ಸೌಂಡ್ ಜೊತೆ ನೋವೂ ಇದ್ದು, ಕೈ ಎತ್ತಿದಾಗ ಸಿಕ್ಕಿಹಾಕ್ಕೊಂಡಂಗೆ ಆದ್ರೆ ತೋರಿಸಿ.

ಗಂಟು ಕಟ್ಟಿದೆ, ಮಸಾಜ್ ಮಾಡಿಸಿದ್ರೆ ಎರಡು ದಿನ ಆರಾಮ, ಮತ್ತೆ ಅದೇ. ಏನ್ಮಾಡ್ಲಿ?

ಮಸಾಜ್, ಬಿಸಿ ಶಾಖ, ಬಾಲ್ ಇಟ್ಟು ಗೋಡೆಗೆ ಒರಗೋದು, ಎಲ್ಲ ಮಾಡಿ, ಆರಾಮ ಸಿಕ್ರೆ ಅದೇನೂ ಸಣ್ಣದಲ್ಲ. ಆದ್ರೆ ಅದರಿಂದ ಸ್ನಾಯುಗೆ ಶಕ್ತಿ ಬರಲ್ಲ, ಸೋಮವಾರ ಮತ್ತೆ ಅದೇ ಎಂಟು ಗಂಟೆ ಕೂತಾಗ ಅದೇ ಸ್ನಾಯು ಅಷ್ಟೇ ಬೇಗ ಸುಸ್ತಾಗುತ್ತೆ. ಆ ಎರಡು ದಿನದ ಆರಾಮವನ್ನ ಉಪಯೋಗಿಸ್ಕೊಳ್ಳಿ, ನೋವು ಕಮ್ಮಿ ಇರೋವಾಗಲೇ ಬ್ಯಾಂಡ್ ಹಿಡೀರಿ. ಇನ್ನು ಬೇರೆಯವರ ಕೈಲಿ ಕುತ್ತಿಗೆ ಹಿಡಿದು ಲಟಕ್ ಅಂತ ನೆಟಿಗೆ ತೆಗೆಸ್ಕೊಳ್ಳೋದು ಬೇಡ, ತರಬೇತಿ ಇಲ್ದೋರು ತಿರುಚಿದ್ರೆ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟು ಬೀಳೋ ಅಪಾಯ ಅಪರೂಪಕ್ಕಾದ್ರೂ ಇದೆ.

ಆಫೀಸಲ್ಲಿ ಎಲ್ರೂ ನೋಡ್ತಾರೆ, ಕುರ್ಚೀಲೇ ಕೂತು ಮಾಡೋದು ಏನಾದ್ರೂ ಹೇಳಿ

ಎರಡೂ ಕೈ ತಲೆ ಹಿಂದೆ ಇಟ್ಟು, ಕುರ್ಚಿ ಬೆನ್ನಿನ ಮೇಲಂಚು ನಿಮ್ಮ ಬೆನ್ನಿಗೆ ತಾಗೋ ಜಾಗದಲ್ಲಿ ನಿಧಾನಕ್ಕೆ ಹಿಂದಕ್ಕೆ ಬಾಗಿ, ಉಸಿರು ಬಿಡಿ, ಐದಾರು ಸಲ. ಆಮೇಲೆ ಗದ್ದವನ್ನ ನೇರ ಹಿಂದಕ್ಕೆ ಒಯ್ದು ಬಿಡೋದು. ಆಮೇಲೆ ಮೀಟಿಂಗಲ್ಲಿ ಕೂತಾಗ ಮೇಜಿನ ಅಡಿಯಿಂದ ಅಂಗೈ ಮೇಲ್ಮುಖ ಮಾಡಿ ಮೇಜನ್ನ ಎತ್ತೋ ಥರ ಹತ್ತು ಸೆಕೆಂಡ್ ಒತ್ತಿ, ಯಾರಿಗೂ ಗೊತ್ತಾಗಲ್ಲ.

ಕುರ್ಚಿ, ಮಾನಿಟರ್ ಬದಲಾಯಿಸಿದ್ರೆ ಸಾಕಾಗಲ್ವಾ?

ಸಾಕಾಗಲ್ಲ, ಆದ್ರೆ ಸಹಾಯ ಆಗುತ್ತೆ, ಅದ್ರಲ್ಲೂ ಮೊಣಕೈಗೆ ಆಸರೆ ಸಿಗೋದು ಎಲ್ಲಕ್ಕಿಂತ ಮುಖ್ಯ. ಆರ್ಮ್‌ರೆಸ್ಟ್ ಮೇಲೋ ಮೇಜಿನ ಮೇಲೋ ಮುಂಗೈ ಒರಗಿದ್ರೆ ಕೈಯ ಭಾರ ಕುತ್ತಿಗೆಯಿಂದ ಇಳೀತು. ಮೌಸ್ ಕೀಬೋರ್ಡಿಗೆ ಅಂಟಿದಂಗೆ ಹತ್ರ ಇರ್ಲಿ. ಲ್ಯಾಪ್‌ಟಾಪಲ್ಲೇ ಕೆಲಸ ಆದ್ರೆ ಅದನ್ನ ಎತ್ತರಿಸಿ ಬೇರೆ ಕೀಬೋರ್ಡ್ ಹಾಕಿ. ಸ್ಕ್ರೀನ್ ಮೇಲಂಚು ಕಣ್ಣಿನ ಮಟ್ಟಕ್ಕೆ ಇರ್ಬೇಕು ಅಂತಾರೆ, ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದವರಿಗೆ ಇದು ಸರಿ ಹೋಗಲ್ಲ, ಕೆಳಗಿನ ಗಾಜಿಂದ ಓದೋಕೆ ಗದ್ದ ಎತ್ತಿ ಎತ್ತಿ ಕುತ್ತಿಗೆ ಹಿಡಿಯುತ್ತೆ, ಅವರು ಸ್ಕ್ರೀನ್ ಇನ್ನೂ ಕೆಳಗಿಳಿಸ್ಬೇಕು.

ಭುಜ ಹಿಂದಕ್ಕೆ ಎಳೆಯೋ ಬೆಲ್ಟ್ ಹಾಕ್ಕೊಳ್ಳಲಾ?

ಬೇಡ. ಹಾಕ್ಕೊಂಡಷ್ಟು ಹೊತ್ತು ನೆನಪು ಮಾಡುತ್ತೆ, ತೆಗೆದ ಮೇಲೆ ಮುಂಚಿನ ಹಾಗೇ. ಕಂಕುಳಲ್ಲಿ ಒತ್ತಿ ಕೈ ಜೋಮು ಹಿಡಿದ್ರಂತೂ ತಕ್ಷಣ ತೆಗೀರಿ.

## ಸ್ವಲ್ಪ ಮುಂದೆ ಹೋದವರಿಗೆ

ಬ್ಯಾಂಡ್ ಈಗ ಈಸಿ ಆಗಿದೆ, ಮುಂದೇನು?

ಗೋಡೆ ಬಿಟ್ಟು ಮೇಜಿನಂಚಿಗೆ, ಅಲ್ಲಿಂದ ನೆಲಕ್ಕೆ ಇಳಿದು ಪುಶ್-ಅಪ್ ಪ್ಲಸ್ ಮಾಡಿ. ರೋ ಮಾಡೋಕೆ ಡಂಬೆಲ್ ತಗೊಳ್ಳಿ, ಒಂದು ಕೈ ಬೆಂಚಿಗೆ ಊರಿ ಇನ್ನೊಂದರಲ್ಲಿ ಎಳೆಯೋದು. ಅದರ ಜೊತೆ ಬೋರಲು ಮಲಗಿ ವೈ, ಟಿ ಆಕಾರದಲ್ಲಿ ಕೈ ಎತ್ತೋದು ಸೇರಿಸಿ, ಹೆಬ್ಬೆರಳು ಚಾವಣಿ ಕಡೆ. ವೈ ಮಾಡುವಾಗ ಬ್ಲೇಡಿನ ಕೆಳಗೆ ಬೆನ್ನುಮೂಳೆ ಕಡೆ ಸುಸ್ತಾಗ್ಬೇಕು, ಅದು ಕೆಳಗಿನ ಟ್ರೆಪೀಜಿಯಸ್. ಇದಕ್ಕೆ ತೂಕವೇ ಬೇಕಿಲ್ಲ, ಬರಿಗೈಲಿ ಹತ್ತು ಸರಿಯಾಗಿ ಮಾಡಿ ನೋಡಿ, ಕಷ್ಟ ಗೊತ್ತಾಗುತ್ತೆ. ಮೊದಲು ಭುಜ ಜಾರಿದ ಇತಿಹಾಸ ಇದ್ರೆ ವೈ, ಟಿ ಎರಡನ್ನೂ ಫಿಸಿಯೋ ಕಣ್ಣೆದುರಿಗೇ ಶುರು ಮಾಡಿ.

ನನ್ನ ಒಂದು ಕಡೆ ಬ್ಲೇಡ್ ರೆಕ್ಕೆ ಥರ ಹೊರಗೆ ಎದ್ದಿದೆ, ಎಕ್ಸರ್‌ಸೈಜಿಂದ ಸರಿ ಹೋಗುತ್ತಾ?

ಎಡಕ್ಕೂ ಬಲಕ್ಕೂ ಸ್ವಲ್ಪ ವ್ಯತ್ಯಾಸ ಬಹಳ ಜನಕ್ಕೆ ಇರುತ್ತೆ, ತೆಳ್ಳಗಿರೋರಲ್ಲಿ ಎದ್ದು ಕಾಣುತ್ತೆ, ಅದು ರೋಗ ಅಲ್ಲ. ಗೋಡೆ ತಳ್ಳಿದಾಗ ಒಂದೇ ಕಡೆ ಬ್ಲೇಡಿನ ಒಳ ಅಂಚು ಪೂರ್ತಿ ಎದ್ದು ಬಂದು, ಆ ಕೈಯನ್ನ ಭುಜಕ್ಕಿಂತ ಮೇಲೆ ಎತ್ತೋಕೆ ಕಷ್ಟ ಆದ್ರೆ ಮಾತ್ರ ಸೆರೇಟಸ್‌ಗೆ ಹೋಗೋ ಲಾಂಗ್ ಥೊರಾಸಿಕ್ ನರಕ್ಕೆ ತೊಂದರೆ ಆಗಿರ್ಬಹುದು. ಆಗ ನರದ ಪರೀಕ್ಷೆ ಮೊದಲು, ಎಕ್ಸರ್‌ಸೈಜ್ ಆಮೇಲೆ.

ಕೈ ಮೇಲೆತ್ತಿದ್ರೆ ಭುಜದ ತುದೀಲಿ ಹಿಡಿಯುತ್ತೆ, ಇದೂ ಬ್ಲೇಡಿಂದಾನಾ?

ಇರ್ಬಹುದು. ನೀವು ಕೈ ಎತ್ತುವಾಗ ಇನ್ನೊಬ್ರು ಬ್ಲೇಡಿನ ಕೆಳ ತುದಿಯನ್ನ ಹಗುರವಾಗಿ ಹೊರಕ್ಕೆ, ಮೇಲಕ್ಕೆ ತಳ್ಳಿ ಕೊಟ್ಟಾಗ ನೋವು ಕಮ್ಮಿ ಆದ್ರೆ ಬ್ಲೇಡ್ ತಿರುಗೋದಕ್ಕೆ ಸಹಾಯ ಬೇಕು ಅಂತ ಅರ್ಥ, ವಾಲ್ ಸ್ಲೈಡ್, ಪುಶ್-ಅಪ್ ಪ್ಲಸ್ ಒಳ್ಳೇದು ಮಾಡ್ತವೆ. ಇನ್ನೊಬ್ರು ಎತ್ತಿದ್ರೂ ಕೈ ಮೇಲೆ ಹೋಗ್ತಿಲ್ಲ, ಹೊರಕ್ಕೆ ತಿರುಗಿಸೋಕಂತೂ ಆಗ್ತಾನೇ ಇಲ್ಲ ಅಂದ್ರೆ ಅದು ಫ್ರೋಜನ್ ಶೋಲ್ಡರ್, ಅಂದ್ರೆ ಭುಜದ ಕೀಲೇ ಬಿಗಿದುಕೊಳ್ಳೋ ತೊಂದರೆ ಇರ್ಬಹುದು, 40ರಿಂದ 60 ವಯಸ್ಸಲ್ಲಿ, ಶುಗರ್ ಇರೋರಲ್ಲಿ ಜಾಸ್ತಿ, ಅದರ ಚಿಕಿತ್ಸೆ ದಾರಿಯೇ ಬೇರೆ.

ಜಿಮ್ಮಿಗೆ ಹೋಗ್ತೀನಿ, ಬೆಂಚ್ ಪ್ರೆಸ್ ಚೆನ್ನಾಗೇ ಹೊಡೀತೀನಿ, ಆದ್ರೂ ಕುತ್ತಿಗೆ ನೋವು ಹೋಗಿಲ್ಲ

ಬೆಂಚ್ ಪ್ರೆಸ್ಸಲ್ಲಿ ಬ್ಲೇಡ್ ಬೆನ್ನಡಿ ಸಿಕ್ಕಿಹಾಕ್ಕೊಂಡಿರುತ್ತೆ, ಓಡಾಡೋಕೆ ಜಾಗ ಇಲ್ಲ. ಲ್ಯಾಟ್ ಪುಲ್‌ಡೌನ್ ಭುಜವನ್ನ ಕೆಳಗೇ ಎಳೆಯುತ್ತೆ. ಎರಡೂ ಮಾಡಿ, ಆದ್ರೆ ಕೈ ತಲೆ ಮೇಲೆ ಹೋಗೋ ಪ್ರೆಸ್, ಪುಶ್-ಅಪ್, ಬ್ಲೇಡ್ ಪೂರ್ತಿ ಮುಂದೆ ಬಿಟ್ಟು ಹಿಂದೆ ಎಳೆಯೋ ರೋ ಇವೂ ಅಷ್ಟೇ ಪ್ರಮಾಣದಲ್ಲಿ ಇರ್ಲಿ.

ಮೂರು ತಿಂಗಳಾಯ್ತು, ತಪ್ಪದೆ ಮಾಡ್ತಿದೀನಿ, ಏನೂ ಫರಕಾಗಿಲ್ಲ

ಮೊದಲ ದಿನದ ಬ್ಯಾಂಡೇ ಇವತ್ತೂ ಹಿಡಿದಿದೀರಾ ನೋಡಿ, ಹೆಚ್ಚಿನವರಲ್ಲಿ ಸಿಗೋ ಕಾರಣ ಅದೇ. ಆಮೇಲೆ ನಿದ್ದೆ. ಮಗ್ಗುಲಾಗಿ ಮಲಗೋರಿಗೆ ದಿಂಬು ಭುಜದಿಂದ ಕಿವಿ ತನಕದ ಸಂದು ತುಂಬುವಷ್ಟು ಎತ್ತರ ಇರ್ಬೇಕು, ಮೇಲಿನ ಕೈ ಮುಂದಕ್ಕೆ ಬಿದ್ದು ರಾತ್ರಿಯಿಡೀ ಬ್ಲೇಡ್ ಎಳೀದೇ ಇರೋಕೆ ಇನ್ನೊಂದು ದಿಂಬು ತಬ್ಬಿ ಮಲಗಿ. ಇವೆಲ್ಲ ಸರಿ ಇದ್ರೂ ಕಮ್ಮಿ ಆಗಿಲ್ಲ ಅಂದ್ರೆ ಮತ್ತೆ ಪರೀಕ್ಷೆ ಮಾಡಿಸಿ, ನರ ಒತ್ತಿದ್ರೆ ಕೈ ನೋವಿಗಿಂತ ಮೊದಲು ಬ್ಲೇಡ್ ಪಕ್ಕದಲ್ಲೇ ನೋವು ಶುರುವಾಗೋದು ಉಂಟು. ಕುತ್ತಿಗೆಯಿಂದ ಕೈಗೆ ಇಳಿಯೋ ನರಗಳಿಗೆ ಸಿ ಅಂತ ನಂಬರ್ ಇದೆ, ಹೆಬ್ಬೆರಳಿಗೆ ಜೋಮು ಬಂದ್ರೆ ಸಾಮಾನ್ಯವಾಗಿ ಸಿ6 ನರ, ಮಧ್ಯದ ಬೆರಳಿಗೆ ಸಿ7, ಕಿರುಬೆರಳಿಗೆ ಸಿ8, ಯಾವ ಬೆರಳು ಅಂತ ಬರೆದಿಟ್ಕೊಂಡು ಹೋಗಿ, ಡಾಕ್ಟರಿಗೆ ಉಪಯೋಗ ಆಗುತ್ತೆ.

ನೋವು ಹೋಯ್ತು, ಇನ್ನು ನಿಲ್ಲಿಸ್ಬಹುದಾ?

ಕಮ್ಮಿ ಮಾಡಿ, ನಿಲ್ಲಿಸ್ಬೇಡಿ. ಕೂರೋ ಕೆಲಸ ಹಾಗೇ ಇದ್ಯಲ್ಲ. ವಾರಕ್ಕೆ ಒಂದು-ಎರಡು ಸಲ ಅದೇ ಭಾರದಲ್ಲಿ ಮಾಡ್ತಿದ್ರೆ ಬಂದ ಶಕ್ತಿ ಉಳಿಯುತ್ತೆ. ಜ್ವರ, ಪ್ರಯಾಣ ಅಂತ ಎರಡು-ಮೂರು ವಾರ ತಪ್ಪಿದ್ರೆ ಒಂದು ಮಟ್ಟ ತೆಳು ಬ್ಯಾಂಡಿಂದ ಮತ್ತೆ ಶುರು ಮಾಡಿ, ಒಂದೆರಡು ವಾರದಲ್ಲಿ ಹಳೇ ಬ್ಯಾಂಡಿಗೆ ಬರ್ತೀರಾ.